ಐನೂರ ಇಪ್ಪತ್ತೈದು ಪಟ್ಟು

ಇಪ್ಪತ್ತೆರಡು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಸವೆಸಿ ಫ್ರೇಮಿಗೆ ಕೂರಿಸಿದವನ ಮನೆಯಲ್ಲಿ ಗಾಜಿನ ವಿಷಯಕ್ಕೆ ಯಾರೂ ಎದುರಾಡುತ್ತಿರಲಿಲ್ಲ. ಬೇರೆ ಯಾವ ವಿಷಯಕ್ಕಾದರೂ ಹೆಂಡತಿ ಅವನ ಮಾತನ್ನು ಗಾಳಿಗೆ ತೂರುತ್ತಿದ್ದಳು. ಸೋರುವ ನಲ್ಲಿಯನ್ನು ಅವನು ರಿಪೇರಿ ಮಾಡಲು ಹೊರಟರೆ ಹೆತ್ತ ತಾಯಿಯೇ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಆದರೆ ಕಣ್ಣು, ಗಾಜು, ಪವರ್ ಎಂದು ಮಾತು ಬಂತೋ, ಕೊನೆಯ ಮಾತು ಅವನದೇ. ಕಟ್ಟಡದ ಜನವೆಲ್ಲ ಅವನನ್ನು ‘ಕನ್ನಡಕದ ಡಾಕ್ಟ್ರು’ ಎಂದು ಕರೆಯುತ್ತಿದ್ದರು. ಶುರುವಾದದ್ದು ತಮಾಷೆಗೆ. ಬರಬರುತ್ತ ತಮಾಷೆ ಉದುರಿಹೋಗಿ ಡಾಕ್ಟ್ರು ಮಾತ್ರ ಉಳಿಯಿತು. ಅವನೂ ತಿದ್ದಲು ಹೋಗಲಿಲ್ಲ, ಕೇಳಲು ಹಿತವಾಗಿಯೇ ಇತ್ತಲ್ಲ.

ಅಂಗಡಿಯ ಯಜಮಾನ ಒಂದು ದಿನ ಹತ್ತು ಟೆಲಿಸ್ಕೋಪು ತರಿಸಿ ಗಾಜಿನ ಕಪಾಟಿನ ಮೇಲೆ ಜೋಡಿಸಿದ. “ಒಂಬತ್ತು ಮಾರಿಕೊಡು, ಹತ್ತನೇದು ನಿನ್ನ ಮನೆಗೆ” ಎಂದ. ಪೆಟ್ಟಿಗೆಯ ಮೇಲೆ ಶನಿಗ್ರಹದ ಚಿತ್ರ, ಅದರ ಸುತ್ತ ಬಣ್ಣಬಣ್ಣದ ಬಳೆ, ಕೆಳಗೆ ಹೆಬ್ಬೆರಳು ದಪ್ಪದ ಅಕ್ಷರದಲ್ಲಿ ‘೫೨೫ ಪಟ್ಟು’. ಮೂರೇ ವಾರದಲ್ಲಿ ಒಂಬತ್ತೂ ಹೋದವು. ಕನ್ನಡಕ ಕೊಳ್ಳಲು ಬಂದವರಿಗೆಲ್ಲ ಅವನು ಒಂದೇ ಮಾತು ಹೇಳಿದ್ದ: “ಇಲ್ಲಿಂದ ನೋಡಿದ್ರೆ ಅಲ್ಲಿ ಕೂತಿರೋ ಹಾಗೆ ಕಾಣುತ್ತೆ. ನಾನು ಹೇಳ್ತಿದೀನಲ್ಲ.” ಆ ಕೊನೆಯ ಮಾತಿಗೇ ಅರ್ಧ ಜನ ಕೊಂಡದ್ದು.

ಹತ್ತನೆಯದನ್ನು ಹೆಗಲ ಮೇಲೆ ಹೊತ್ತು ತಂದಾಗ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆ ಅಂಗಡಿಯವರಿಗೆ ಅಂಚು ಹೊಲಿದುಕೊಡುವ ಹೆಂಡತಿ, ಯಾವುದೋ ಹೋಟೆಲಿನ ಹನ್ನೆರಡು ಕಿಟಕಿಯ ಬಟ್ಟೆಯನ್ನು ನೆಲದ ತುಂಬ ಹರವಿಕೊಂಡಿದ್ದಳು.

“ಇದನ್ನ ಎಲ್ಲಿ ಇಡ್ತೀರಿ? ನನ್ನ ತಲೆ ಮೇಲಾ?”

“ನಿನ್ನ ತಲೆ ಮೇಲೆ ಇಟ್ರೆ ಅಲುಗಾಡುತ್ತೆ. ಇದಕ್ಕೆ ಗಟ್ಟಿ ಜಾಗ ಬೇಕು.”

ಕಿಟಕಿಯ ಪಕ್ಕ ಬಟಾಣಿ ಸುಲಿಯುತ್ತಿದ್ದ ತಾಯಿ ನಕ್ಕಳು. ಸೊಸೆಯೂ ನಕ್ಕು, ಅತ್ತೆಯ ಮುಂದಿದ್ದ ಬೋಗುಣಿಯನ್ನು ಸುಮ್ಮನೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಸುಲಿದ ಕಾಳನ್ನು ಮತ್ತೊಮ್ಮೆ ಆರಿಸತೊಡಗಿದಳು. ಹುಳು ಬಿದ್ದದ್ದು, ಸಿಪ್ಪೆ, ತೊಟ್ಟು ಎಲ್ಲ ಅದರಲ್ಲೇ ಇದ್ದವು.

“ಅತ್ತೆ ಕಣ್ಣು ಯಾಕೋ ಸರಿಯಿಲ್ಲ ರೀ. ನಿನ್ನೆ ಸೂಜಿಗೆ ದಾರ ಪೋಣಿಸೋಕೆ ಹೋಗಿ ಬೆರಳಿಗೆ ಚುಚ್ಕೊಂಡ್ರು. ಯಾರಾದ್ರೂ ಡಾಕ್ಟ್ರಿಗೆ ಒಂದ್ಸಲ...”

“ಪವರ್ ಏರಿದೆ ಅಷ್ಟೆ. ನಾಳೆ ಗಾಜು ಬದಲಾಯಿಸಿ ತರ್ತೀನಿ.”

ಆ ವರ್ಷ ಅವನು ಅಮ್ಮನ ಗಾಜು ಬದಲಾಯಿಸಿದ್ದು ಅದು ಮೂರನೆಯ ಸಲ. ಅಂಗಡಿಯಿಂದ ಬಿಡಿ ಗಾಜುಗಳ ಪೆಟ್ಟಿಗೆ ತಂದು, ಒಂದೊಂದಾಗಿ ಕಣ್ಣ ಮುಂದೆ ಹಿಡಿದು ಕ್ಯಾಲೆಂಡರ್ ತೋರಿಸುತ್ತಿದ್ದ. ಯಾವುದನ್ನು ಹಿಡಿದಾಗ ಅಮ್ಮ “ಹ್ಞಾ, ಕಾಣ್ತು” ಎನ್ನುತ್ತಿದ್ದಳೋ ಅದನ್ನು ಮರುದಿನ ಕಡಿದು ಫ್ರೇಮಿಗೆ ಕೂರಿಸಿ ತರುತ್ತಿದ್ದ. ಮೂರನೆಯ ಸಲವೂ ಹಾಗೇ ಆಯಿತು. ದಪ್ಪ ಗಾಜಿನ ಹಿಂದೆ ಅಮ್ಮನ ಕಣ್ಣು ಬೇರೆಯದೇ ಆಕಾರಕ್ಕೆ ತಿರುಗಿತ್ತು. “ಹೇಗಿದೆ?” ಎಂದರೆ “ಚೆನ್ನಾಗಿ ಕಾಣ್ತು ಮಗಾ” ಎಂದಳು. ಅವನ ಎದೆ ಉಬ್ಬಿತು.

ಹದಿಮೂರು ತುಂಬಿದ ಮಗಳಿಗೆ ಮನೆಯಲ್ಲಿ ಗುಬ್ಬಿ ಎಂದೇ ಹೆಸರು. ಆಕಾರಕ್ಕೆ ಗುಬ್ಬಿ, ಮಾತಿಗೆ ಗಿಣಿ. ಟೆಲಿಸ್ಕೋಪಿನ ಜೊತೆಗೆ ಬಂದಿದ್ದ ಸಣ್ಣ ಪುಸ್ತಕವನ್ನು ಅವಳು ಎರಡು ದಿನದಲ್ಲಿ ಅರೆದು ಕುಡಿದಳು. ಮೂರನೆಯ ದಿನ ಊಟಕ್ಕೆ ಕೂತಾಗ ಬಾಯಿ ತೆರೆದಳು.

“ಅಪ್ಪ, ಐನೂರ ಇಪ್ಪತ್ತೈದು ಅನ್ನೋದು ಲೆಕ್ಕಕ್ಕೆ ಸರಿ, ನೋಡೋಕೆ ಸರಿಯಿಲ್ಲ.”

“ಹಂಗಂದ್ರೆ?”

“ಕೊಳವೆ ಉದ್ದ ಏಳುನೂರು ಮಿಲಿಮೀಟರು. ಅದನ್ನ ಕಣ್ಣಿಡೋ ಕಡೆ ಹಾಕೋ ನಾಲ್ಕು ಮಿಲಿಮೀಟರಿನ ಐಪೀಸಿಂದ ಭಾಗಿಸಿದ್ರೆ ನೂರ ಎಪ್ಪತ್ತೈದು. ಅದಕ್ಕೆ ಮೂರು ಪಟ್ಟು ಮಾಡೋ ಆ ಸಣ್ಣ ನಳಿಗೆ ಸೇರಿಸಿದ್ರೆ ಐನೂರ ಇಪ್ಪತ್ತೈದು. ಆದ್ರೆ ಮುಂದಿನ ಗಾಜಿನ ಅಗಲ ಅರವತ್ತೇ ಮಿಲಿಮೀಟರು. ಒಂದು ಮಿಲಿಮೀಟರಿಗೆ ಎರಡು ಪಟ್ಟು, ಅಷ್ಟೇ ಮಿತಿ ಅಂತ ನಮ್ಮ ಸೈನ್ಸ್ ಮಿಸ್ ಹೇಳಿದ್ರು. ನೂರಿಪ್ಪತ್ತರ ಮೇಲೆ ಹೋದ್ರೆ ಮಸುಕೇ ದೊಡ್ಡದಾಗೋದು.”

“ನಿಮ್ಮ ಮಿಸ್ ಎಷ್ಟು ಗಾಜು ಕಡಿದಿದಾರೆ?”

“ಗಾಜು ಕಡಿಯೋಕೂ ಇದಕ್ಕೂ ಏನಪ್ಪ ಸಂಬಂಧ?”

ಹೆಂಡತಿ ತಟ್ಟೆಗೆ ಅನ್ನ ಹಾಕುತ್ತ ಮೆಲ್ಲನೆ ಕೆಮ್ಮಿದಳು, ಮಗಳಿಗೆ ಸಾಕು ಎನ್ನುವಂತೆ. ಮಗಳು ಆಲೂಗಡ್ಡೆಯನ್ನು ಬೆರಳಿನಿಂದ ಹಿಸುಕುತ್ತ ಸುಮ್ಮನಾದಳು. ಅವನು ಮಾತ್ರ ಸುಮ್ಮನಾಗಲಿಲ್ಲ. ಪವರ್ ಏರಿದಷ್ಟೂ ಹೆಚ್ಚು ಕಾಣುತ್ತದೆ ಎಂಬುದನ್ನು ತಾನು ಇವಳು ಹುಟ್ಟುವ ಮೊದಲೇ ಕಂಡಿದ್ದೇನೆ, ಪೆಟ್ಟಿಗೆ ಮಾಡಿದ ಕಂಪನಿಯವರಿಗೆ ತಲೆ ಇಲ್ಲವೇ, ಎಂದು ಊಟ ಮುಗಿಯುವ ತನಕ ಕೊರೆದ. ಆಮೇಲೆ ಅಷ್ಟಕ್ಕೇ ಬಿಡದೆ, ಭಾನುವಾರ ಸಂಜೆ ಕಟ್ಟಡದವರನ್ನೆಲ್ಲ ತಾರಸಿಗೆ ಕರೆದು ಶನಿಯ ಬಳೆ ತೋರಿಸುತ್ತೇನೆ ಎಂದು ಸಾರಿಬಿಟ್ಟ.

ಭಾನುವಾರ ಬಂದೇಬಂತು. ಮೇಲಿನ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಎದುರುಮನೆಯ ಬಸ್ ಡ್ರೈವರ್ ಹೆಂಡತಿಯೊಂದಿಗೆ ಬಂದ. ತಾಯಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ಕುರ್ಚಿಯಲ್ಲಿ ಕೂರಿಸಿದ್ದಾಯಿತು. ಕತ್ತಲು ಕವಿಯುತ್ತಿದ್ದಂತೆ ನೀರಿನ ಟ್ಯಾಂಕಿನ ಮೇಲ್ಗಡೆ ಶನಿ ಕಾಣಿಸಿಕೊಂಡ, ಬರಿಗಣ್ಣಿಗೆ ಒಂದು ಹಳದಿ ಚುಕ್ಕೆ.

ಅವನು ನಾಲ್ಕರ ಐಪೀಸು ಹಾಕಿ, ಅದಕ್ಕೆ ಮೂರು ಪಟ್ಟಿನ ನಳಿಗೆ ಸಿಕ್ಕಿಸಿ ಕಣ್ಣಿಟ್ಟ. ಮೊದಲು ಕಂಡದ್ದು ಏನೂ ಇಲ್ಲ. ಆಮೇಲೆ, ಬಹಳ ಹೊತ್ತಿನ ಮೇಲೆ, ಬೂದು ಬಣ್ಣದ್ದೇನೋ ಒಂದು ಮೂಲೆಯಿಂದ ತೇಲಿಬಂದು, ನಡುಗುತ್ತ ಇನ್ನೊಂದು ಮೂಲೆಗೆ ಜಾರಿಹೋಯಿತು. ಸೋಪಿನ ನೀರಿನಲ್ಲಿ ಬಿದ್ದ ಗುಂಡಿಯ ಹಾಗಿತ್ತು. ಉಸಿರು ತಾಗಿದರೂ ಅಲುಗಾಡುತ್ತಿತ್ತು. ಆದರೆ ಬಾಯಿ ಬೇರೆ ಮಾತಾಡಿತು: “ಆಹಾ! ಬನ್ನಿ ಮೇಷ್ಟ್ರೇ, ಬೇಗ ಬನ್ನಿ.”

ಮೇಷ್ಟ್ರು ಬಗ್ಗಿದರು. ಒಂದು ನಿಮಿಷ ನೋಡಿದರು. “ಹ್ಞಾ... ಹ್ಞಾ. ಕಾಣ್ತು” ಎಂದು ಸೊಂಟ ಹಿಡಿದುಕೊಂಡು ಎದ್ದರು. ಡ್ರೈವರ್ ನೋಡಿದ. “ಭಾರಿ ಇದೆ ಬಿಡಿ ಡಾಕ್ಟ್ರೇ” ಎಂದ. ಅವನ ಹೆಂಡತಿ, ಗಂಡನಿಗೆ ಕಂಡದ್ದು ತನಗೂ ಕಂಡಿತು ಎಂದಳು. ಕನ್ನಡಕದವನ ಹೆಂಡತಿಯೊಬ್ಬಳೇ, “ನನಗೆ ನನ್ನ ರೆಪ್ಪೆಕೂದಲು ಕಾಣ್ತಿದೆ ನೋಡಿ, ಎಷ್ಟು ದೊಡ್ಡದಾಗಿ!” ಎಂದು ಎಲ್ಲರನ್ನೂ ನಗಿಸಿದಳು.

ಗುಬ್ಬಿ ನೋಡಿ ಎದ್ದಳು. “ಅಪ್ಪ, ಬಳೆ ಇಲ್ಲ. ಇಪ್ಪತ್ತರ ಐಪೀಸು ಹಾಕು, ನಳಿಗೆ ತೆಗೆದುಬಿಡು. ಸಣ್ಣದಾಗಿ ಕಂಡ್ರೂ ಸರಿಯಾಗಿ ಕಾಣುತ್ತೆ.”

“ಎಲ್ಲರಿಗೂ ಕಾಣ್ತಿದೆ, ನಿನಗೊಬ್ಬಳಿಗೆ ಕಾಣ್ತಿಲ್ವಾ?”

“ಯಾರಿಗೂ ಕಾಣ್ತಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳ್ತಿದಾರೆ.”

ಮೇಷ್ಟ್ರು ಅಂಗಿಯ ಗುಂಡಿ ನೋಡಿಕೊಂಡರು.

“ನಿನ್ನ ಕಣ್ಣೇ ಸರಿಯಿಲ್ಲ!” ಎಂದು ಅವನು ಕಿರುಚಿದ. “ನಾಳೆ ಅಂಗಡಿಗೆ ಬಾ, ದಪ್ಪ ಗಾಜು ಹಾಕಿಕೊಡ್ತೀನಿ. ಹುಟ್ಟಿದ ಮನೆ ಮರ್ಯಾದೆ ಕಳೆಯೋಕೆ ನಾಲಿಗೆ ಮಾತ್ರ ಚುರುಕು. ಅಮ್ಮ, ನೀನು ಬಾ. ನೀನು ನೋಡಿ ಹೇಳು.”

ತಾಯಿಯನ್ನು ಎಬ್ಬಿಸಿ ತಂದು ಕಣ್ಣು ಸರಿಯಾಗಿ ತೂತಿಗೆ ತಾಗುವಂತೆ ತಲೆ ಹಿಡಿದ. ಅವಳು ಬಾಗಿ ನೋಡಿ, ತಲೆಯೆತ್ತಿ ಟೆಲಿಸ್ಕೋಪಿಲ್ಲದೆಯೂ ಆಕಾಶ ನೋಡಿ ಹೇಳಿದಳು: “ಕಾಣ್ತಪ್ಪಾ. ಬೆಳಕು, ಸುತ್ತ ಬಳೆ. ಒಂದಲ್ಲ, ಎರಡು ಮೂರು ಬಳೆ. ಬಣ್ಣಬಣ್ಣ.”

“ಕೇಳಿದ್ಯಾ?” ಎಂದು ಅವನು ಮಗಳತ್ತ ತಿರುಗಿದ. “ಎಪ್ಪತ್ತನಾಲ್ಕು ವರ್ಷದವಳಿಗೆ ಕಾಣುತ್ತೆ! ಯಾರು ಹಾಕಿಕೊಟ್ಟ ಗಾಜು ಅದು?”

ಮಗಳು ಮೆಟ್ಟಿಲಿಳಿದು ಹೋದಳು. ಉಳಿದವರೂ ಬೆಳಗ್ಗೆ ಬೇಗ ಏಳಬೇಕು ಎಂದು ಏನೇನೋ ಹೇಳಿ ಒಬ್ಬೊಬ್ಬರಾಗಿ ಇಳಿದರು.

ಅಂದಿನಿಂದ ಗುಬ್ಬಿ ಅಪ್ಪನೊಂದಿಗೆ ಮಾತು ಬಿಟ್ಟಳು. ಜಗಳವಿಲ್ಲ, ಮುಖ ಊದಿಸಿಕೊಂಡದ್ದೂ ಇಲ್ಲ. ಉಪ್ಪು ಬೇಕಾದರೆ “ಅಮ್ಮ, ಉಪ್ಪು ಕೊಡು” ಎನ್ನುವಳು, ಉಪ್ಪಿನ ಡಬ್ಬಿ ಅಪ್ಪನ ಕೈ ಪಕ್ಕದಲ್ಲೇ ಇದ್ದರೂ. ಶಾಲೆಯ ಲೆಕ್ಕ ತಿಳಿಯದಿದ್ದರೆ ಮೇಲಿನ ಮನೆಗೆ ಹೋಗಿ ಮೇಷ್ಟ್ರನ್ನು ಕೇಳಿ ಬರುವಳು.

“ನೀವೇ ಒಂದು ಮಾತು ಹೇಳಿ ಮುಗಿಸಬಾರ್ದಾ?” ಎಂದಳು ಹೆಂಡತಿ, ಪರದೆಯ ಅಂಚನ್ನು ಮಡಿಚುತ್ತ.

“ನಾನ್ಯಾಕೆ ಹೇಳ್ಲಿ? ದೊಡ್ಡವರ ಮುಂದೆ ಎದುರಾಡಿದ್ದು ಅವಳು.”

“ಅವಳು ಸುಳ್ಳು ಹೇಳಿದ್ಲಾ?”

“ನೀನೂ ಶುರುಮಾಡಿದ್ಯಾ?”

“ನಾನೇನೂ ಹೇಳ್ಲಿಲ್ಲಪ್ಪ. ನನಗೆ ರೆಪ್ಪೆಕೂದಲು ಕಂಡಿದ್ದು ನಿಜ” ಎಂದು ಅವಳು ಮಷೀನಿನ ಪೆಡಲು ಒತ್ತಿದಳು. ಮಷೀನಿನ ಸದ್ದಿನಲ್ಲಿ ಮಾತು ಅಲ್ಲಿಗೇ ನಿಂತಿತು.

ಎರಡನೆಯ ವಾರ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸದವಳು, ಟೆಲಿಸ್ಕೋಪು ಕೊಂಡ ಒಂಬತ್ತು ಜನರಲ್ಲಿ ಒಬ್ಬಳು. ಅವಳು ಜಗಳಕ್ಕೆ ಬಂದಿದ್ದರೆ ಅವನು ಹೇಗೋ ನಿಭಾಯಿಸುತ್ತಿದ್ದ. ಅವಳು ಹಾಗೆ ಬರಲಿಲ್ಲ. ಕೌಂಟರಿನ ಮುಂದೆ ಸಂಕೋಚದಿಂದ ನಿಂತು ಹೇಳಿದಳು: “ಮೂರು ಸಂಜೆ ನೋಡಿದೆ ಸರ್. ಬರೀ ಮಬ್ಬು. ನೀವು ಅಷ್ಟು ಖಂಡಿತವಾಗಿ ಹೇಳಿದ್ರಲ್ಲ, ಅದಕ್ಕೇ ನನ್ನ ಕಣ್ಣಲ್ಲೇ ಏನೋ ತೊಂದರೆ ಇರಬೇಕು ಅನ್ನಿಸ್ತು. ಸ್ವಲ್ಪ ಟೆಸ್ಟ್ ಮಾಡ್ತೀರಾ?”

ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಹುಡುಗಿ ಅವಳನ್ನು ಒಳಗೆ ಕೂರಿಸಿ ನೋಡಿದಳು. ಆ ಹೆಂಗಸು ಕೆಳಗಿನ ಸಾಲಿನ ತನಕ ಎಲ್ಲ ಓದಿದಳು. ಎರಡೂ ಕಣ್ಣು ಚೊಕ್ಕ.

“ಹಾಗಾದ್ರೆ ನನಗೆ ನೋಡೋಕೆ ಬರ್ತಿಲ್ಲ ಅನ್ಸುತ್ತೆ” ಎಂದು ಆ ಹೆಂಗಸು ತನ್ನನ್ನೇ ಬೈದುಕೊಂಡು ನಕ್ಕಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಯಜಮಾನ ಮೂಲೆಯಿಂದ ಇತ್ತಲೇ ನೋಡುತ್ತಿದ್ದ. ಅವಳು ಹೋದ ಮೇಲೆ ಅವನು ಅಂಚು ಸವೆಸುವ ಕಲ್ಲಿನ ಚಕ್ರಕ್ಕೆ ಗಾಜು ಹಿಡಿದ. ಕೈ ತಪ್ಪಿ ಅಂಚು ಒಡೆಯಿತು. ಎಷ್ಟೋ ವರ್ಷದ ಮೇಲೆ ಅವನ ಕೈಯಲ್ಲಿ ಗಾಜು ಒಡೆದದ್ದು.

ಆ ಸಂಜೆ ಮನೆಗೆ ಬಂದವನು ಯಾರಿಗೂ ಹೇಳದೆ ಟೆಲಿಸ್ಕೋಪು ಹೊತ್ತು ತಾರಸಿಗೆ ಹೋದ. ಅಕ್ಕಪಕ್ಕ ನೋಡಿ, ಕಳ್ಳನ ಹಾಗೆ, ಮೂರು ಪಟ್ಟಿನ ನಳಿಗೆ ಕಿತ್ತು ಜೇಬಿಗೆ ಹಾಕಿದ. ಇಪ್ಪತ್ತರ ಐಪೀಸು ಸಿಕ್ಕಿಸಿದ. ಏಳುನೂರನ್ನು ಇಪ್ಪತ್ತರಿಂದ ಭಾಗಿಸಿದರೆ ಬರೀ ಮೂವತ್ತೈದು ಪಟ್ಟು. ಮಕ್ಕಳಾಟಿಕೆ ಎಂದು ಆ ಐಪೀಸನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ.

ಕಣ್ಣಿಟ್ಟ. ಕಪ್ಪು ಆಕಾಶದ ನಡುವೆ ಅಕ್ಕಿಕಾಳಿನಷ್ಟು ಒಂದು ಬೆಳಕು. ಚೂಪಾದ ಅಂಚು, ನಡುಕವಿಲ್ಲ. ಹನ್ನೆರಡರ ಐಪೀಸು ಹಾಕಿದ. ಕಾಳು ಕೊಂಚ ದಪ್ಪವಾಯಿತು; ಅದರ ಸುತ್ತ, ನಿಜವಾಗಿಯೂ, ಒಂದು ಬಳೆ. ಒಂದೇ. ಬಣ್ಣವಿಲ್ಲ, ಮಾಸಲು ಹಳದಿ. ಪೆಟ್ಟಿಗೆಯ ಮೇಲಿನ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಎಷ್ಟು ಚೆಂದ ಎಂದರೆ ಅವನಿಗೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಆಮೇಲೆ ನಾಚಿಕೆ ಬಂತು. ಕಿವಿ ಬಿಸಿಯಾಗುವಂಥ, ಒಬ್ಬನೇ ನಿಂತಿದ್ದರೂ ಮುಖ ಮುಚ್ಚಿಕೊಳ್ಳಬೇಕು ಎನ್ನಿಸುವಂಥ ನಾಚಿಕೆ. ಮಗಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವಳನ್ನು ಅಷ್ಟು ಜನರ ಮುಂದೆ ಕುರುಡಿ ಮಾಡಿದ್ದ.

ಅಲ್ಲೇ ಇನ್ನೊಂದು ಯೋಚನೆ ಬಂತು. ಇರುವುದು ಒಂದು ಬಳೆ. ಅಂದು ಆ ಮಬ್ಬಿನಲ್ಲಿ ಯಾರಿಗೂ ಏನೂ ಕಾಣದಿದ್ದಾಗ ಅಮ್ಮನಿಗೆ ಎರಡು ಮೂರು ಬಳೆ ಕಂಡದ್ದು ಹೇಗೆ? ಅದೂ ಬಣ್ಣದ್ದು?

ಕೆಳಗಿಳಿದು ಬಂದಾಗ ಹೆಂಡತಿ ಪರದೆ ಮಡಿಸುತ್ತಿದ್ದಳು, ಗುಬ್ಬಿ ಓದುತ್ತಿದ್ದಳು, ತಾಯಿ ಚಹಾದ ಲೋಟ ಹಿಡಿದು ಗೋಡೆಗೊರಗಿದ್ದಳು. ಅವನು ಅವಳ ಮುಂದೆ ನೆಲದ ಮೇಲೆ ಕೂತ.

“ಅಮ್ಮ, ಅವತ್ತು ತಾರಸೀಲಿ ನಿನಗೆ ಏನು ಕಂಡಿದ್ದು?”

“ಹೇಳಿದ್ನಲ್ಲ ಮಗಾ. ಬಳೆ.”

“ಸುಳ್ಳು ಹೇಳಿದ್ರೂ ಬೇಜಾರಿಲ್ಲ ನನಗೆ.”

“ಸುಳ್ಳು ಯಾಕೆ ಹೇಳ್ಲಿ?” ಅವಳಿಗೆ ಕೊಂಚ ಕೋಪವೇ ಬಂತು. “ಇದ್ದಿದ್ದನ್ನೇ ಹೇಳ್ದೆ. ಈ ದೀಪಕ್ಕೂ ಇದೆಯಲ್ಲ, ನೋಡು. ಸುತ್ತ ಬಳೆ. ಬೀದಿ ದೀಪಕ್ಕಂತೂ ಇನ್ನೂ ದೊಡ್ಡದು. ಒಲೆ ಹಚ್ಚಿದ್ರೆ ಅದಕ್ಕೂ ಇರುತ್ತೆ. ಎಲ್ಲ ಬೆಳಕಿಗೂ ಇರುತ್ತಪ್ಪ. ನೀವೆಲ್ಲ ಅದೊಂದು ಬಳೆ ನೋಡೋಕೆ ಯಾಕೆ ಅಷ್ಟು ಕಷ್ಟ ಪಡ್ತಿದ್ರೋ ನನಗೆ ಗೊತ್ತಾಗ್ಲಿಲ್ಲ.”

ಪುಸ್ತಕದ ಹಾಳೆ ತಿರುವುತ್ತಿದ್ದ ಮಗಳ ಕೈ ನಿಂತಿತು. ಹೆಂಡತಿ ಗಂಡನ ಮುಖ ನೋಡಿದಳು. ದೀಪದ ಸುತ್ತ ಬಳೆ ಕಂಡರೆ ಏನರ್ಥ ಎಂದು ಕನ್ನಡಕದ ಅಂಗಡಿಯಲ್ಲಿ ಕಸ ಗುಡಿಸುವವರಿಗೂ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಮುದುಕರಿಗೆ ಅವನೇ “ಪೊರೆ ಇರಬಹುದು, ಮೊದಲು ಡಾಕ್ಟ್ರಿಗೆ ತೋರಿಸಿ, ಆಮೇಲೆ ಕನ್ನಡಕ” ಎಂದು ಹೇಳಿ ಕಳಿಸಿದ್ದ. ಸ್ವಂತ ತಾಯಿಗೆ ಮಾತ್ರ, ಮನೆಯಲ್ಲೇ ಡಾಕ್ಟ್ರು ಇರುವಾಗ, ಅದು ಯಾರಿಗೂ ಹೊಳೆಯಲಿಲ್ಲ. ಹೊಳೆದ ಹೆಂಡತಿಯ ಬಾಯಿಯನ್ನು ಅವನೇ ಮುಚ್ಚಿಸಿದ್ದ.

“ನಾಳೆ ಕಣ್ಣಾಸ್ಪತ್ರೆಗೆ ಹೋಗೋಣ” ಎಂದ.

“ಯಾಕೆ? ನೀನು ಹಾಕಿಕೊಟ್ಟಿದೀಯಲ್ಲ ಗಾಜು. ಚೆನ್ನಾಗಿ ಕಾಣ್ತು ಅಂದ್ನಲ್ಲ.”

ಗುಬ್ಬಿ ಎದ್ದು ಬಂದು ಅಜ್ಜಿಯ ಕೈಯಿಂದ ಲೋಟ ತೆಗೆದುಕೊಂಡು, “ನಾನೂ ಬರ್ತೀನಿ ಅಜ್ಜಿ” ಎಂದಳು. ಅಪ್ಪನ ಕಡೆ ನೋಡಲಿಲ್ಲ.

“ಗುಬ್ಬಿ” ಎಂದ ಅವನು. “ಅವತ್ತು ನೀನು ಹೇಳಿದ್ದೇ ಸರಿ. ಈಗ ನೋಡಿ ಬಂದೆ.”

“ಗೊತ್ತು” ಎಂದಳು ಅವಳು, ಲೋಟ ತೊಳೆಯುತ್ತ. ನಲ್ಲಿ ಸೋರುತ್ತಿತ್ತು.

ಆಸ್ಪತ್ರೆಯ ಕೋಣೆ ಚಿಕ್ಕದು. ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಬೆಳಗುವ ಅಕ್ಷರಗಳ ಪೆಟ್ಟಿಗೆ, ಪಕ್ಕದಲ್ಲಿ ಬೆಂಚು. ಡಾಕ್ಟರಮ್ಮ ಅವನಿಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಮುದುಕಿಯ ಮೂಗಿನ ಮೇಲಿಂದ ಕನ್ನಡಕ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕಣ್ಣಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದಳು.

“ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ. ಎಡಗಣ್ಣಂತೂ ಪೂರ್ತಿ. ಒಳಗೆ ಬೆಳಕೇ ಸರಿಯಾಗಿ ಹೋಗ್ತಿಲ್ಲ, ಇಷ್ಟು ಪವರ್ ಹಾಕಿ ಏನು ಪ್ರಯೋಜನ? ಯಾರು ಕೊಟ್ಟಿದ್ದು ಈ ಗಾಜು?”

ಅವನು ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದಳು: “ರಸ್ತೇಲಿ ಮಾರ್ಕೊಂಡು ಹೋಗ್ತಿದ್ದ ಯಾರೋ ಒಬ್ಬ ಕೊಟ್ಟ ತಾಯಿ. ಕಡಿಮೆಗೆ ಸಿಕ್ತು ಅಂತ ತಗೊಂಡೆ. ನಂದೇ ತಪ್ಪು.”

ಗುಬ್ಬಿ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು, ಡಾಕ್ಟರಮ್ಮ ಆಗಲೇ ಚೀಟಿ ಬರೆಯಲು ಪೆನ್ನು ಎತ್ತಿಕೊಂಡಿದ್ದಳು.

“ನಾನೇ ಕೊಟ್ಟಿದ್ದು” ಎಂದ ಅವನು. “ಕನ್ನಡಕದ ಅಂಗಡೀಲಿ ಕೆಲಸ ಮಾಡ್ತೀನಿ. ಮನೇಲೇ ನೋಡಿ ಹಾಕಿದೆ. ಈ ವರ್ಷ ಮೂರು ಸಲ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. “ಆಪರೇಷನ್ ಮಾಡಬಹುದು. ಇನ್ನೂ ಮೊದಲೇ ಬಂದಿದ್ರೆ ಅವರಿಗೂ ಸುಲಭ ಆಗ್ತಿತ್ತು, ನಮಗೂ” ಎಂದಳು ಅಷ್ಟೆ. “ಈಗ ಎಷ್ಟು ಕಾಣುತ್ತೆ ಅಂತ ನೋಡಿ ಬರ್ಕೋಬೇಕು. ಅಮ್ಮ, ಅಲ್ಲಿ ಗೋಡೆ ಮೇಲೆ ನೋಡಿ. ಈ ಸಾಲು ಕಾಣುತ್ತಾ?”

ತಾಯಿ ಗೋಡೆಯತ್ತ ಒಮ್ಮೆ ಮುಖ ಮಾಡಿ, ಆಮೇಲೆ ಮಗ ನಿಂತಿದ್ದ ಕಡೆಗೆ ತಿರುಗಿದಳು. “ಕಾಣ್ತು” ಎಂದಳು.

“ಯಾವ ಅಕ್ಷರ?”

“ಚೆನ್ನಾಗೇ ಕಾಣ್ತು ತಾಯಿ.”

“ಇದರ ಮೇಲಿಂದು?”

ಮತ್ತೆ ಮಗನ ಕಡೆ. “ಅದೂ ಕಾಣ್ತು.”

ಡಾಕ್ಟರಮ್ಮ ಅಕ್ಷರ ತೋರಿಸುತ್ತಿದ್ದ ಕಡ್ಡಿ ಕೆಳಗಿಟ್ಟಳು. “ನೀವು ಸ್ವಲ್ಪ ಹೊರಗಿರ್ತೀರಾ?” ಎಂದಳು ಅವನಿಗೆ. “ತಪ್ಪು ತಿಳೀಬೇಡಿ. ಅವರು ಗೋಡೆ ನೋಡ್ತಿಲ್ಲ, ನಿಮ್ಮ ಮುಖ ನೋಡಿ ಹೇಳ್ತಿದಾರೆ. ಮೊಮ್ಮಗಳು ಇರಲಿ ಪರವಾಗಿಲ್ಲ.”

ಅವನು ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ. ಸಾಲಾಗಿ ಕೂತಿದ್ದವರು ಅವನತ್ತ ನೋಡಿ, ಮತ್ತೆ ತಮ್ಮತಮ್ಮ ಚೀಟಿ ನೋಡಿಕೊಂಡರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಈಗ ಹೇಳಿ ಅಮ್ಮ. ಈ ಸಾಲು?”

“ಇಲ್ಲ ತಾಯಿ. ಕಾಣಲ್ಲ.”

“ಇದು?”

“ಅದೂ ಕಾಣಲ್ಲ.”

“ಇದು ಸ್ವಲ್ಪ ದೊಡ್ಡದು.”

“ಊಹೂಂ.” ಅಮ್ಮನ ದನಿಯಲ್ಲಿ ಅಳುಕಿರಲಿಲ್ಲ. ಹೊತ್ತ ಹೊರೆ ಇಳಿಸಿದವರ ಹಾಗೆ ಹಗುರಾಗಿ ಮಾತಾಡುತ್ತಿದ್ದಳು, ನಡುವೆ ಒಮ್ಮೆ ನಕ್ಕಳು ಕೂಡ. ಅಮ್ಮ ಇಷ್ಟು ನಿರಾಳವಾಗಿ ಮಾತಾಡಿದ್ದನ್ನು ಅವನು ಒಂದು ವರ್ಷದಿಂದ ಕೇಳಿರಲಿಲ್ಲ.

“ಎಲ್ಲಕ್ಕಿಂತ ಮೇಲೆ ಒಂದೇ ಒಂದು ಅಕ್ಷರ ಇದೆ, ತುಂಬಾ ದೊಡ್ಡದು. ಅದಾದ್ರೂ?”

ಒಳಗೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಅಮ್ಮ ಕೇಳಿದಳು:

“ಅಲ್ಲಿ ಗೋಡೆ ಇದೆಯಾ ಗುಬ್ಬಿ?”